ಅಮ್ಮನ ಮನೆಯ ಫ್ರಿಜ್, ಗ್ರೈಂಡರ್, ಟಿವಿ ಎಲ್ಲಾ ಸೇರಿ 1,800 ರೂಪಾಯಿ ಅಂತೆ. ಗುಜರಿಗೆ ಹಾಕಬೇಕಾ?

ದಾವಣಗೆರೆ ಮಗಳು
ಎಲ್ಲರಿಗೂ ನಮಸ್ಕಾರ. ಅಪ್ಪ ಹೋದ ಮೇಲೆ ಅಮ್ಮ ದಾವಣಗೆರೆ ಮನೆಯಲ್ಲಿ ಒಬ್ಬರೇ ಇದ್ದರು. ಈಗ ನಮ್ಮ ಜೊತೆ ಬೆಂಗಳೂರಿಗೆ ಬರಲು ಒಪ್ಪಿದ್ದಾರೆ. ಮನೆ ಖಾಲಿ ಮಾಡಲು ಹನ್ನೆರಡು ದಿನ ಇದೆ. ಬೆಂಗಳೂರಿನ ನಮ್ಮ ಮನೆ ಚಿಕ್ಕದು, ಎಲ್ಲ ತರಲು ಆಗುವುದಿಲ್ಲ.

ಉಳಿದಿರುವುದು ಇಷ್ಟು. 165 ಲೀಟರಿನ ಸಿಂಗಲ್ ಡೋರ್ ಫ್ರಿಜ್, 2004ರಲ್ಲಿ ತಂದದ್ದು. ಈಗಲೂ ತಣ್ಣಗಾಗುತ್ತದೆ, ಆದರೆ ಬಾಗಿಲು ಸರಿಯಾಗಿ ಕೂರುವುದಿಲ್ಲ. ಸೆಮಿ ಆಟೊಮ್ಯಾಟಿಕ್ ವಾಷಿಂಗ್ ಮಷೀನ್, ಬಟ್ಟೆ ಹಿಂಡುವ ಕಡೆ ತಿರುಗುವುದಿಲ್ಲ. ದೊಡ್ಡ ಡಬ್ಬಿಯಂಥ ಹಳೆ ಟಿವಿ. ಒಂದು ಮಿಕ್ಸಿ, ಸದ್ದು ಬರುತ್ತದೆ ಆದರೆ ಜಾರ್ ಒಳಗಿನ ಬ್ಲೇಡ್ ತಿರುಗುವುದಿಲ್ಲ. ಆಮೇಲೆ ಕಲ್ಲಿನ ವೆಟ್ ಗ್ರೈಂಡರ್, 1996ರದ್ದು.

ಗುಜರಿಯವರು ಬಂದು ಎಲ್ಲ ಸೇರಿಸಿ 1,800 ರೂಪಾಯಿ ಎಂದರು. ತೂಕ ಹಾಕಲಿಲ್ಲ, ಸ್ವಿಚ್ ಹಾಕಿ ನೋಡಲಿಲ್ಲ. ಬಾಗಿಲಲ್ಲಿ ನಿಂತು ಒಮ್ಮೆ ಕಣ್ಣಾಡಿಸಿ ಹೇಳಿದರು. ಅಮ್ಮ ಏನೂ ಮಾತಾಡದೆ ಒಳಗೆ ಹೋಗಿ ಗ್ರೈಂಡರ್ ಮೇಲೆ ಬಟ್ಟೆ ಹೊದಿಸಿದರು. ಪ್ರತಿ ಆಯುಧಪೂಜೆಗೆ ಅದಕ್ಕೆ ಅರಿಶಿನ ಕುಂಕುಮ ಹಚ್ಚಿದ ಕೈ ಅದು.

ದುಡ್ಡು ಮುಖ್ಯ ಅಲ್ಲ. ನಡೆಯುವ ವಸ್ತು ಒಡೆದು ಚೂರಾಗಬಾರದು ಅಷ್ಟೇ. ಏನು ಮಾಡಬಹುದು ಹೇಳಿ.

ತುಮಕೂರು ಮೆಕ್ಯಾನಿಕ್
ಅಕ್ಕ, ಕೊಡಬೇಡಿ. ಇಪ್ಪತ್ತೆರಡು ವರ್ಷದಿಂದ ಇದೇ ಕೆಲಸ ಮಾಡುತ್ತಿದ್ದೇನೆ. ನೀವು ಹೇಳಿದ್ದರಲ್ಲಿ ಟಿವಿ ಒಂದು ಬಿಟ್ಟು ಬೇರೆ ಯಾವುದೂ ಗುಜರಿ ಅಲ್ಲ.

ಮಿಕ್ಸಿ: ಮೋಟರ್ ಸದ್ದು ಮಾಡಿ ಬ್ಲೇಡ್ ತಿರುಗದಿದ್ದರೆ ಹತ್ತರಲ್ಲಿ ಎಂಟು ಸಲ ಕಪ್ಲರ್ ಹಲ್ಲು ಸವೆದಿರುತ್ತದೆ. ಮಿಕ್ಸಿ ತಲೆ ಮೇಲೆ ಇರುವ ಕಪ್ಪು ರಬ್ಬರಿನಂಥ ಚಕ್ರ ಅದು. ಅದರ ಬೆಲೆ ಒಂದು ಊಟದ ಬೆಲೆಗಿಂತ ಕಡಿಮೆ. ಜಾರ್ ತಳದಿಂದ ಕಪ್ಪು ನೀರು ಇಳಿಯುತ್ತಿದ್ದರೆ ಬುಷ್ ಹೋಗಿದೆ, ಅದನ್ನೂ ಬದಲಾಯಿಸಬಹುದು. ಕಿಡಿ ಜಾಸ್ತಿ ಕಾಣುತ್ತಿದ್ದರೆ ಮೋಟರ್ ಒಳಗಿನ ಕಾರ್ಬನ್ ಬ್ರಷ್ ನೋಡಿಸಿ.

ಫ್ರಿಜ್: ಬಾಗಿಲು ಕೂರದಿದ್ದರೆ ಗ್ಯಾಸ್ಕೆಟ್, ಅಂದರೆ ಬಾಗಿಲಿನ ಸುತ್ತ ಇರುವ ರಬ್ಬರ್ ಪಟ್ಟಿ, ಗಟ್ಟಿಯಾಗಿದೆ. ಒಂದು ಹತ್ತು ರೂಪಾಯಿ ನೋಟನ್ನು ಬಾಗಿಲಿಗೆ ಸಿಕ್ಕಿಸಿ ಮುಚ್ಚಿ ಎಳೆಯಿರಿ. ಸುಮ್ನೆ ಜಾರಿ ಬಂದರೆ ಗ್ಯಾಸ್ಕೆಟ್ ಹೋಗಿದೆ ಎಂದು ಅರ್ಥ.

ವಾಷಿಂಗ್ ಮಷೀನ್: ಹಿಂಡುವ ಕಡೆ ಮೋಟರ್ ಬೇರೆ ಇರುತ್ತದೆ. ಮುಚ್ಚಳದ ಸ್ವಿಚ್, ಕೆಪಾಸಿಟರ್, ಬ್ರೇಕ್ ವೈರ್, ಈ ಮೂರು ಮೊದಲು ನೋಡಿಸಿ. ಮೋಟರ್ ಸುಟ್ಟಿರುವುದು ಕಡೇ ಮಾತು.

ಗ್ರೈಂಡರ್ ಬಗ್ಗೆ ಬೆಲ್ಟ್ ಹೇಗಿದೆ ಹೇಳಿ.

ದಾವಣಗೆರೆ ಮಗಳು
ಅಣ್ಣ, ಬೆಲ್ಟ್ ಜಾರುತ್ತದೆ. ಅಮ್ಮ ಬೇಳೆ ಸ್ವಲ್ಪ ಸ್ವಲ್ಪವೇ ಹಾಕಿ ರುಬ್ಬುತ್ತಿದ್ದರು. ನೋಟು ಸಿಕ್ಕಿಸಿ ನೋಡಿದೆ, ಕೆಳಗಿನ ಮೂಲೆಯಲ್ಲಿ ಜಾರಿ ಬಂತು.

ಹುಬ್ಬಳ್ಳಿಯಂವ
1,800 ಅಂದ್ರೆ ಬರೀ ಫ್ರಿಜ್‌ನ ಕಂಪ್ರೆಸರ್‌ಗೂ ಸಾಲದು ರೀ. ಸುಡಗಾಡು ರೇಟು ಅದು.

ಲೆಕ್ಕದ ಮೇಷ್ಟ್ರು
ನಾನು ಬೇರೆ ಮಾತು ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಹಳೆ ಫ್ರಿಜ್ ಉಳಿಸುವುದು ಯಾವಾಗಲೂ ಒಳ್ಳೆಯದಲ್ಲ. ನಮ್ಮ ಮನೆಯ ಹಳೆಯದಕ್ಕೆ ಪ್ಲಗ್‌ಗೆ ಹಾಕುವ ಮೀಟರ್ ಇಟ್ಟು ಇಪ್ಪತ್ನಾಲ್ಕು ಗಂಟೆ ಅಳೆದೆ. ದಿನಕ್ಕೆ 1.6 ಯೂನಿಟ್ ಬಂತು. ವರ್ಷಕ್ಕೆ 584 ಯೂನಿಟ್. ಆಮೇಲೆ ತಂದ ಹೊಸದರ ಸ್ಟಾರ್ ಚೀಟಿಯ ಮೇಲೆ ವರ್ಷಕ್ಕೆ 178 ಯೂನಿಟ್ ಎಂದು ಇತ್ತು. ವ್ಯತ್ಯಾಸ 406. ಯೂನಿಟ್‌ಗೆ 6 ರೂಪಾಯಿ ಹಿಡಿದರೆ ವರ್ಷಕ್ಕೆ 2,436 ರೂಪಾಯಿ.

ಈ ಫ್ರಿಜ್ ಅನ್ನು ಬಡವರ ಮನೆಗೆ ಕೊಟ್ಟರೆ ಆ ಕರೆಂಟ್ ಬಿಲ್ಲನ್ನೂ ಅವರ ಮನೆಗೇ ಕಳಿಸಿದ ಹಾಗೆ. ಅದನ್ನು ಯೋಚಿಸಿ.

ಸಂಜೆ ಟೀ
ಮೇಷ್ಟ್ರೇ, ಈಗ ಗೃಹಜ್ಯೋತಿ ಇದೆಯಲ್ಲ, 200 ಯೂನಿಟ್ ಫ್ರೀ. ಬಿಲ್ ಎಲ್ಲಿ ಬರುತ್ತದೆ?

ಲೆಕ್ಕದ ಮೇಷ್ಟ್ರು
ಎಲ್ಲರಿಗೂ 200 ಯೂನಿಟ್ ಅಲ್ಲ. 2022-23ರಲ್ಲಿ ಆ ಮನೆ ತಿಂಗಳಿಗೆ ಸರಾಸರಿ ಎಷ್ಟು ಬಳಸಿತ್ತೋ ಅದಕ್ಕೆ ಶೇಕಡಾ 10 ಸೇರಿಸಿ ಮಿತಿ ಹಾಕಿದರು. 50 ಯೂನಿಟ್ ಬಳಸುತ್ತಿದ್ದ ಮನೆಗೆ ಸಿಕ್ಕಿದ್ದು 55. ಫ್ರಿಜ್ಜೇ ಇಲ್ಲದ ಮನೆಗೆ ತಿಂಗಳಿಗೆ 48 ಯೂನಿಟ್ ತಿನ್ನುವ ಫ್ರಿಜ್ ಹೋದರೆ, ಜಾಸ್ತಿ ಆದದ್ದಕ್ಕೆ ಅವರೇ ಕಟ್ಟಬೇಕು. ನಮ್ಮ ಮನೆಗೆ ಹೂ ತರುವವರಿಗೆ ಹೀಗೇ ಆಗಿದೆ. ಅದಕ್ಕೇ ಹೇಳಿದೆ.

ತುಮಕೂರು ಮೆಕ್ಯಾನಿಕ್
ಲೆಕ್ಕ ಸರಿ ಮೇಷ್ಟ್ರೇ. ಆದರೆ ನೀವು ಅಳೆದಾಗ ಗ್ಯಾಸ್ಕೆಟ್ ಹೇಗಿತ್ತು? ಬಾಗಿಲಿನಿಂದ ತಣ್ಣನೆ ಗಾಳಿ ಸೋರುತ್ತಿದ್ದರೆ ಕಂಪ್ರೆಸರ್ ನಿಲ್ಲುವುದೇ ಇಲ್ಲ. ಮೂಲೆಯಲ್ಲಿ ಗೋಡೆಗೆ ಅಂಟಿಸಿ ಇಟ್ಟಿದ್ದರೂ ಹಾಗೇ. ಹಿಂದೆ ಒಂದು ಗೇಣು ಜಾಗ ಬಿಡಬೇಕು. ಇವೆರಡನ್ನು ಸರಿ ಮಾಡಿ ಮತ್ತೆ ಅಳೆದು ಹೇಳಿ.

ಲೆಕ್ಕದ ಮೇಷ್ಟ್ರು
ಗ್ಯಾಸ್ಕೆಟ್ ಹಾಕಿಸಿದ ಮೇಲೆ ಬಂದದ್ದೇ 1.6. ಅದಕ್ಕೆ ಮೊದಲು 2.1 ಇತ್ತು. ಗ್ಯಾಸ್ಕೆಟ್ ವಿಷಯದಲ್ಲಿ ನಿಮ್ಮ ಮಾತು ಒಪ್ಪುತ್ತೇನೆ.

ಕುಂದಾಪ್ರದ ಗದ್ದೆ
ನಮ್ಮಲ್ಲಿ ಕೆಟ್ಟ ಫ್ರಿಜ್ಜನ್ನು ಯಾರೂ ಎಸೆಯುವುದಿಲ್ಲ. ಮಳೆಗಾಲದ ನಾಲ್ಕು ತಿಂಗಳು ಹಪ್ಪಳ, ಸಂಡಿಗೆ, ಒಣಮೆಣಸು ಎಲ್ಲ ಮೆತ್ತಗಾಗುತ್ತದೆ. ಫ್ರಿಜ್ ಪೆಟ್ಟಿಗೆಯೊಳಗೆ 15 ವ್ಯಾಟಿನ ಹಳೇ ಬಲ್ಬ್ ಒಂದನ್ನು ಹಾಕಿಟ್ಟರೆ ಆ ಬಿಸಿಗೆ ಗರಿಗರಿ ಇರುತ್ತದೆ. ಇಲಿ ಕಾಟವೂ ಇಲ್ಲ. ತರಕಾರಿ ಬೀಜವನ್ನು ಬೂದಿ ಜೊತೆ ಡಬ್ಬಿಯಲ್ಲಿ ಹಾಕಿ ಅದರಲ್ಲೇ ಇಡುತ್ತೇವೆ.

ವಾಷಿಂಗ್ ಮಷೀನೂ ಅಷ್ಟೇ. ನಿಮ್ಮದಕ್ಕೆ ಹಿಂಡುವ ಕಡೆ ಹೋಗಿದೆ, ನಮ್ಮದಕ್ಕೆ ಒಗೆಯುವ ಕಡೆ ಹೋಗಿದೆ. ಕೈಯಲ್ಲಿ ಒಗೆದು ಅದರಲ್ಲಿ ಹಿಂಡುತ್ತೇವೆ. ಆಷಾಢದಲ್ಲಿ ಅದಿಲ್ಲದಿದ್ದರೆ ಮಕ್ಕಳ ಯೂನಿಫಾರ್ಮ್ ಮೂರು ದಿನವಾದರೂ ಒಣಗುವುದಿಲ್ಲ.

ಇಬ್ಬರು ಮಕ್ಕಳ ತಾಯಿ
ಕುಂದಾಪ್ರದವರೇ, ಫ್ರಿಜ್ ಪೆಟ್ಟಿಗೆ ಮನೆಯಲ್ಲಿ ಇಟ್ಟಿದ್ದೀರಿ ಅಂದರೆ ಮಕ್ಕಳ ಮೇಲೆ ಕಣ್ಣಿರಲಿ. ಕಣ್ಣಾಮುಚ್ಚಾಲೆ ಆಡುತ್ತಾ ಒಳಗೆ ಹೊಕ್ಕರೆ ಗಾಳಿ ಬರುವುದಿಲ್ಲ, ಕೂಗಿದರೂ ಕೇಳಿಸುವುದಿಲ್ಲ. ಹಳೆ ಕಾಲದ, ಹಿಡಿಯಲ್ಲೇ ಚಿಲಕ ಇರುವ ಫ್ರಿಜ್ ಆದರೆ ಒಳಗಿಂದ ತೆಗೆಯಲು ಆಗುವುದೇ ಇಲ್ಲ. ಹಿತ್ತಲಲ್ಲಿ ಸುಮ್ನೆ ಬಿದ್ದಿರುವುದಾದರೆ ದಯವಿಟ್ಟು ಬಾಗಿಲನ್ನೇ ಬಿಚ್ಚಿ ಇಡಿ.

ಕುಂದಾಪ್ರದ ಗದ್ದೆ
ಒಳ್ಳೆ ಮಾತು ಹೇಳಿದಿರಿ ಅಕ್ಕ. ನಮ್ಮದರಲ್ಲಿ ಒಳಗಿನ ಅಡ್ಡ ತಟ್ಟೆಗಳನ್ನು ತೆಗೆದಿಲ್ಲ, ಮಗು ಹೊಗುವಷ್ಟು ಜಾಗ ಇಲ್ಲ. ಬೀಗವೂ ಇದೆ. ಆದರೆ ಪಕ್ಕದ ಮನೆಯವರದು ತೋಟದಲ್ಲಿ ಹಾಗೇ ಬಿದ್ದಿದೆ. ಇವತ್ತೇ ಹೋಗಿ ಬಾಗಿಲು ಬಿಚ್ಚಿಸುತ್ತೇನೆ.

ಹಸಿರು ಚೀಲ
ಇಲ್ಲಿ ಯಾರೂ ಗ್ಯಾಸ್ ಬಗ್ಗೆ ಮಾತಾಡುತ್ತಿಲ್ಲ. ಫ್ರಿಜ್ ಒಡೆಯುವವರು ಮೊದಲು ಮಾಡುವ ಕೆಲಸ ಎಂದರೆ ಕಂಪ್ರೆಸರ್ ಪೈಪ್ ಕತ್ತರಿಸುವುದು. ಭುಸ್ ಅಂತ ಗ್ಯಾಸ್ ಗಾಳಿಗೆ ಹೋಗುತ್ತದೆ. ಓಜೋನ್ ಪದರ ತೂತಾಗುವುದು ಇದರಿಂದಲೇ.

ತುಮಕೂರು ಮೆಕ್ಯಾನಿಕ್
ಒಂದು ತಿದ್ದುಪಡಿ. ಓಜೋನ್‌ಗೆ ಪೆಟ್ಟು ಕೊಡುವುದು ಆರ್-12 ಎಂಬ ಹಳೆ ಗ್ಯಾಸ್. ಅಕ್ಕನ ಮನೆಯದು 2004ರದ್ದು, ಆರ್-134ಎ ಇರಬಹುದು. ಕಂಪ್ರೆಸರ್ ಮೇಲಿನ ಚೀಟಿಯಲ್ಲಿ ಬರೆದಿರುತ್ತದೆ, ಓದಿ ಹೇಳಿ. ಅದು ಓಜೋನ್‌ಗೆ ಏನೂ ಮಾಡುವುದಿಲ್ಲ.

ಹಸಿರು ಚೀಲ
ತಿದ್ದಿದ್ದಕ್ಕೆ ಧನ್ಯವಾದ. ಆದರೆ 134ಎ ಕೂಡ ಸಾಧು ಅಲ್ಲ ಅಣ್ಣ. ಭೂಮಿ ಬಿಸಿ ಮಾಡುವುದರಲ್ಲಿ ಅದರ ಒಂದು ಕಿಲೋ ಸುಮಾರು 1,400 ಕಿಲೋ ಇಂಗಾಲದ ಡೈಆಕ್ಸೈಡ್‌ಗೆ ಸಮ. ಒಂದು ಚಿಕ್ಕ ಫ್ರಿಜ್‌ನಲ್ಲಿ ನೂರು ಗ್ರಾಂ ಇದ್ದರೂ 140 ಕಿಲೋ ಬಿಟ್ಟ ಹಾಗಾಯಿತು. ಹೊಸ ಫ್ರಿಜ್‌ಗಳಲ್ಲಿ ಬರುವ ಆರ್-600ಎ ಇದಕ್ಕಿಂತ ಎಷ್ಟೋ ಮೇಲು, ಆದರೆ ಅದಕ್ಕೆ ಬೆಂಕಿ ಹತ್ತುತ್ತದೆ. ಗೊತ್ತಿಲ್ಲದವರು ಪೈಪ್ ಕತ್ತರಿಸಲು, ವೆಲ್ಡಿಂಗ್ ಮಾಡಲು ಹೋದರೆ ಅಪಾಯ.

ಅದಕ್ಕೇ ನಾನು ಹೇಳುವುದು, ಗುಜರಿಗೆ ಕೊಡಲೇಬೇಡಿ. ವೈರ್ ಸುಟ್ಟು ತಾಮ್ರ ತೆಗೆಯುತ್ತಾರೆ, ಆ ಪ್ಲಾಸ್ಟಿಕ್ ಹೊಗೆಯಲ್ಲಿ ಡಯಾಕ್ಸಿನ್ ಎಂಬ ವಿಷ ಇರುತ್ತದೆ. ಇವರಿಂದಲೇ ಊರು ಹಾಳಾಗುತ್ತಿದೆ.

ತಕ್ಕಡಿ
ಕಡೇ ಸಾಲಿಗೆ ನಾನು ಉತ್ತರ ಕೊಡಲೇಬೇಕು. ನಮ್ಮಪ್ಪ ಮೂವತ್ತು ವರ್ಷ ಗುಜರಿ ಅಂಗಡಿ ಇಟ್ಟಿದ್ದರು. ಆ ತಕ್ಕಡಿಯಿಂದಲೇ ನಾನು ಓದಿದ್ದು.

ನೀವು ಬಿಸಾಡಿದ್ದನ್ನು ಹೊತ್ತು, ಬಿಚ್ಚಿ, ಕಬ್ಬಿಣ ಒಂದು ಕಡೆ, ತಾಮ್ರ ಒಂದು ಕಡೆ, ಪ್ಲಾಸ್ಟಿಕ್ ಒಂದು ಕಡೆ ಮಾಡಿದವರು ನಾವು. ಒಣಕಸ, ಹಸಿಕಸ ಎಂಬ ಮಾತು ಬೆಂಗಳೂರಿಗೆ ಬರುವ ಮೊದಲೇ ನಾವು ಬೇರೆ ಮಾಡುತ್ತಿದ್ದೆವು. ನಾಯಂಡಹಳ್ಳಿ, ಜಾಲಿ ಮೊಹಲ್ಲಾ ಕಡೆ ಒಂದು ದಿನ ಸುತ್ತಾಡಿ ಬನ್ನಿ, ಎಷ್ಟು ವಸ್ತುವಿಗೆ ಅಲ್ಲಿ ಮರುಜನ್ಮ ಸಿಗುತ್ತದೆ ಎಂದು ಕಾಣುತ್ತದೆ.

ವೈರ್ ಸುಡುವುದು ತಪ್ಪು. ಅದನ್ನು ಮುಚ್ಚಿಡುವುದಿಲ್ಲ. ನಮ್ಮಪ್ಪನ ಕೆಮ್ಮು ಕೊನೆವರೆಗೂ ಹೋಗಲಿಲ್ಲ. ಸುಟ್ಟದ್ದು ಆಸೆಗೆ ಅಲ್ಲ. ಸಣ್ಣ ಅಂಗಡಿಯವನಿಗೆ ವೈರ್ ಸುಲಿಯುವ ಮಷೀನ್ ಇರಲಿಲ್ಲ, ಬೇರೆ ದಾರಿ ಯಾರೂ ಹೇಳಿಕೊಡಲಿಲ್ಲ. ಈಗ ನನ್ನ ತಮ್ಮ ಅದೇ ಅಂಗಡಿಯಲ್ಲಿ ಕೈಮಷೀನ್ ಇಟ್ಟು ಸುಲಿಯುತ್ತಾನೆ. ಸುಲಿದ ತಾಮ್ರ ಕರಿ ಹಿಡಿಯುವುದಿಲ್ಲ, ರೇಟೂ ಜಾಸ್ತಿ ಸಿಗುತ್ತದೆ. ಗುಜರಿಯವರಿಗೆ ಕೊಡಬೇಡಿ ಎನ್ನುವ ಬದಲು ಸುಡದವರಿಗೆ ಕೊಡಿ ಎನ್ನಿ.

ಹಸಿರು ಚೀಲ
ನಿಮ್ಮ ಮಾತು ಮನಸ್ಸಿಗೆ ತಾಗಿತು. ನಾನು ಬರೆದ ರೀತಿ ತಪ್ಪು, ಕ್ಷಮಿಸಿ. ಬೆಂಗಳೂರಿನಲ್ಲಿ ಹಸಿರು ದಳದಂಥ ಸಂಸ್ಥೆ ಕಸ ಆಯುವವರ ಜೊತೆಯಲ್ಲೇ ನಿಂತು ಕೆಲಸ ಮಾಡುತ್ತಿದೆ. ವಾರ್ಡ್‌ಗಳ ಒಣ ತ್ಯಾಜ್ಯ ಸಂಗ್ರಹ ಕೇಂದ್ರಗಳಲ್ಲಿ ಎಷ್ಟೋ ಕಡೆ ಅವರೇ ಇದ್ದಾರೆ. ನಾನು ಅದನ್ನು ನೋಡಿಯೂ ಹಾಗೆ ಬರೆಯಬಾರದಿತ್ತು.

ತಕ್ಕಡಿ
ಪರವಾಗಿಲ್ಲ ಬಿಡಿ.

ಹುಬ್ಬಳ್ಳಿಯಂವ
ತಕ್ಕಡಿ ಅಣ್ಣಾರ, ಹಾಗಾದ್ರೆ 1,800 ಸರಿ ರೇಟೇನ್ರಿ?

ತಕ್ಕಡಿ
ಸರಿ ಅಲ್ಲ. ಬಾಗಿಲಲ್ಲಿ ನಿಂತು ಒಟ್ಟಿಗೆ ರೇಟ್ ಹೇಳಿದರೆ ಎಂದೂ ಕೊಡಬೇಡಿ. ಒಂದೊಂದಕ್ಕೇ ಬೇರೆ ಬೇರೆ ಕೇಳಿ. ಹಳೆಯ ಮೋಟರ್‌ಗಳಲ್ಲಿ ಸುತ್ತಿರುವುದು ತಾಮ್ರ, ಅದರ ಕಿಲೋ ಬೆಲೆ ಕಬ್ಬಿಣಕ್ಕಿಂತ ಎಷ್ಟೋ ಪಟ್ಟು ಮೇಲೆ. ಈಗಿನ ಅಗ್ಗದ ಮೋಟರ್‌ಗಳಲ್ಲಿ ಅಲ್ಯೂಮಿನಿಯಂ ಬರುತ್ತಿದೆ, ಅದಕ್ಕೆ ಬೆಲೆ ಕಡಿಮೆ. 1996ರ ಗ್ರೈಂಡರ್ ಮೋಟರ್ ನೋಡಿದರೆ ನಮ್ಮವರಿಗೆ ಆಸೆ ಆಗುವುದು ಅದಕ್ಕೇ. ಆದರೆ ನಡೆಯುವ ಗ್ರೈಂಡರ್ ಅನ್ನು ತಾಮ್ರಕ್ಕಾಗಿ ಒಡೆಯುವುದು ಹಾಲು ಕೊಡುವ ಹಸುವನ್ನು ಕಟುಕನಿಗೆ ಕೊಟ್ಟ ಹಾಗೆ. ನಮ್ಮಪ್ಪ ಇದನ್ನೇ ಹೇಳುತ್ತಿದ್ದರು. ನಡೆಯುವ ವಸ್ತುವನ್ನು ಬೇರೆ ಎತ್ತಿಡುತ್ತಿದ್ದರು, ಬುಧವಾರ ಒಬ್ಬ ಮೆಕ್ಯಾನಿಕ್ ಬಂದು ಒಯ್ಯುತ್ತಿದ್ದ.

ಚಾಮರಾಜಪೇಟೆ
ಆನ್‌ಲೈನ್‌ನಲ್ಲಿ ಹಾಕಿ ಮೇಡಂ, ಆದರೆ ಹುಷಾರು. ಕಳೆದ ವರ್ಷ ನಾನು ವಾಷಿಂಗ್ ಮಷೀನ್ ಹಾಕಿದ ಹತ್ತೇ ನಿಮಿಷಕ್ಕೆ ಫೋನ್ ಬಂತು. ನಾನು ಸೈನ್ಯದಲ್ಲಿದ್ದೇನೆ, ವರ್ಗಾವಣೆ ಆಗಿದೆ, ನೋಡುವುದೇ ಬೇಡ, ಈಗಲೇ ದುಡ್ಡು ಹಾಕುತ್ತೇನೆ ಎಂದ. ಒಂದು ಕ್ಯೂಆರ್ ಕೋಡ್ ಕಳಿಸಿ ಸ್ಕ್ಯಾನ್ ಮಾಡಿ ಪಿನ್ ಹಾಕಿ ಎಂದ. ಹಾಕಿದೆ. ನನ್ನ ಖಾತೆಯಿಂದ 6,000 ಹೋಯಿತು.

ದುಡ್ಡು ಬರುವುದಕ್ಕೆ ಸ್ಕ್ಯಾನೂ ಬೇಡ, ಪಿನ್ನೂ ಬೇಡ. ಪಿನ್ ಕೇಳಿದರೆ ದುಡ್ಡು ಹೋಗುತ್ತಿದೆ ಎಂದೇ ಅರ್ಥ. ಹೋದರೆ ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಅಮ್ಮನಿಗೂ ಹೇಳಿ, ವಯಸ್ಸಾದವರಿಗೇ ಜಾಸ್ತಿ ಫೋನ್ ಮಾಡುತ್ತಾರೆ.

ಸಂಜೆ ಟೀ
ಅಯ್ಯೋ, ನಮ್ಮ ಚಿಕ್ಕಪ್ಪನಿಗೂ ಇದೇ ಕಥೆ, ಇದೇ ಸೈನ್ಯದ ಮಾತು. ಮಂಚ ಮಾರಲು ಹೋಗಿ 9,000 ಕಳೆದುಕೊಂಡರು.

ಬಸವೇಶ್ವರನಗರ
ಇಷ್ಟೆಲ್ಲಾ ತಲೆನೋವು ಯಾಕೆ? ಮನೆಗೆಲಸದವರಿಗೆ ಕೊಟ್ಟುಬಿಡಿ. ಅವರು ಸರಿ ಮಾಡಿಸಿಕೊಳ್ಳುತ್ತಾರೆ.

ಮಲ್ಲಿಗೆ ದಂಡೆ
ಇದನ್ನು ಒಪ್ಪುವುದಿಲ್ಲ. ನನ್ನ ಅಮ್ಮ ಮನೆಗೆಲಸ ಮಾಡುತ್ತಿದ್ದವರು. ಕೆಟ್ಟ ಟಿವಿ, ಕೆಟ್ಟ ಫ್ಯಾನ್, ಒಡೆದ ಕುಕ್ಕರ್ ಎಲ್ಲ ನಮ್ಮ ಮನೆಗೆ ಬರುತ್ತಿತ್ತು. ಬೇಡ ಎನ್ನಲು ಅಮ್ಮನಿಗೆ ಆಗುತ್ತಿರಲಿಲ್ಲ, ಕೆಲಸ ಹೋಗುತ್ತದೆ ಎಂಬ ಭಯ. ಆಟೋ ಬಾಡಿಗೆ ನಮ್ಮದು, ರಿಪೇರಿ ನಮ್ಮದು. ಹತ್ತು ಅಡಿ ಮನೆಯಲ್ಲಿ ಆ ಟಿವಿ ಇಟ್ಟುಕೊಂಡು ನಾವು ಮಲಗಲು ಜಾಗ ಹುಡುಕಬೇಕಿತ್ತು.

ಕೊಡುವುದಾದರೆ ಮೊದಲು ಬೇಕಾ ಎಂದು ಕೇಳಿ. ರಿಪೇರಿ ಮಾಡಿಸಿ ಕೊಡಿ. ಅವರ ಮನೆವರೆಗೆ ತಲುಪಿಸಿ. ಒಬ್ಬ ಮಾಲೀಕರು ಹಾಗೆ ಕೊಟ್ಟಿದ್ದರು, ಒಂದು ಮಿಕ್ಸಿ. ಹೊಸ ಜಾರ್ ಹಾಕಿಸಿ, ನಮ್ಮ ಮನೆಗೇ ತಂದು, ಕಾಫಿ ಕುಡಿದು ಹೋದರು. ಅದು ಇವತ್ತಿಗೂ ನನ್ನ ಅಡುಗೆಮನೆಯಲ್ಲಿದೆ.

ಬಸವೇಶ್ವರನಗರ
ನಾನು ಹಾಗೆ ಯೋಚಿಸಿರಲಿಲ್ಲ. ಸರಿಯಾಗಿ ಹೇಳಿದಿರಿ.

ಬೆಂಗಳೂರು ಸ್ಪ್ಯಾನರ್
ಬೆಂಗಳೂರಿಗೆ ತರುವ ಚಿಕ್ಕ ವಸ್ತುಗಳಿದ್ದರೆ ರಿಪೇರಿ ಕೆಫೆ ಇದೆ. 2015ರಿಂದ ನಡೆಸುತ್ತಿದ್ದಾರೆ. ಕೆಟ್ಟದ್ದನ್ನು ತೆಗೆದುಕೊಂಡು ಹೋದರೆ ಸ್ವಯಂಸೇವಕರು ನಿಮ್ಮನ್ನು ಪಕ್ಕದಲ್ಲೇ ಕೂರಿಸಿಕೊಂಡು ಸರಿ ಮಾಡಲು ಕಲಿಸುತ್ತಾರೆ. ಬಿಡಿಭಾಗ ಬೇಕಿದ್ದರೆ ಎಸ್.ಪಿ. ರೋಡ್. ಹಳೇ ಸಾಮಾನೇ ಬೇಕು ಎಂದರೆ ಭಾನುವಾರ ಬೆಳಗ್ಗೆ ಬಿ.ವಿ.ಕೆ. ಅಯ್ಯಂಗಾರ್ ರಸ್ತೆ ಕಡೆಯ ಸಂಡೆ ಬಜಾರ್. ನನ್ನ ಟೇಬಲ್ ಫ್ಯಾನ್‌ಗೆ ಬೇಕಿದ್ದ ಗೇರ್ ಅಲ್ಲೇ ಸಿಕ್ಕಿತು.

ಸರ್ಕಾರದ್ದೂ ಒಂದಿದೆ. 2022ರ ಡಿಸೆಂಬರ್‌ನಲ್ಲಿ ಕೇಂದ್ರದ ಗ್ರಾಹಕ ವ್ಯವಹಾರ ಇಲಾಖೆ ರಿಪೇರಿ ಹಕ್ಕಿನ ಜಾಲತಾಣ ಶುರು ಮಾಡಿತು. ಕಂಪನಿಗಳ ಕೈಪಿಡಿ, ಸರ್ವಿಸ್ ಸೆಂಟರ್ ವಿವರ ಒಂದೇ ಕಡೆ ಸಿಗಲಿ ಎಂದು.

ತುಮಕೂರು ಮೆಕ್ಯಾನಿಕ್
ಜಾಲತಾಣ ಒಳ್ಳೆಯದೇ. ನಮಗೆ ಬೇಕಾಗಿರುವುದು ಬಿಡಿಭಾಗ ಸರ್. ಎಂಟು ವರ್ಷದ ಮಷೀನ್‌ನ ಬೋರ್ಡ್ ಕೇಳಿದರೆ ಬರುವುದಿಲ್ಲ ಎನ್ನುತ್ತಾರೆ. 1996ರ ಗ್ರೈಂಡರ್‌ಗೆ ಇವತ್ತೂ ಬೆಲ್ಟ್ ಸಿಗುತ್ತದೆ. ಯಾಕೆ? ಎಲ್ಲರೂ ಒಂದೇ ಅಳತೆಯ ಬೆಲ್ಟ್ ಹಾಕುತ್ತಿದ್ದರು, ಸ್ಕ್ರೂ ಬಿಚ್ಚಿದರೆ ಬಿಚ್ಚುತ್ತಿತ್ತು. ಈಗ ಅಂಟು ಹಾಕಿ ಮುಚ್ಚಿಬಿಡುತ್ತಾರೆ.

ಫ್ರಾಂಕ್‌ಫರ್ಟ್ ಕನ್ನಡಿಗ
ಇಲ್ಲಿ ಜರ್ಮನಿಯಲ್ಲಿ ದೊಡ್ಡ ಅಂಗಡಿಗಳು ಹಳೆ ಚಿಕ್ಕ ಉಪಕರಣಗಳನ್ನು ದುಡ್ಡಿಲ್ಲದೆ ವಾಪಸ್ ತೆಗೆದುಕೊಳ್ಳಲೇಬೇಕು, ಅಲ್ಲಿ ಏನೂ ಕೊಳ್ಳದಿದ್ದರೂ. ಕಾನೂನು ಚೆನ್ನಾಗಿದೆ. ಆದರೆ ಕಪ್ಲರ್ ಬದಲಾಯಿಸುವವರು ಬೀದಿಯಲ್ಲಿ ಇಲ್ಲ. ಊರಿಂದ ತಂದ ಮಿಕ್ಸಿ ಕೆಟ್ಟಾಗ ಕಪ್ಲರನ್ನು ಅಮ್ಮ ಸಾಂಬಾರ್ ಪುಡಿ ಪಾರ್ಸೆಲ್ ಜೊತೆ ಕಳಿಸಿದರು.

ಸಂಜೆ ಟೀ
ಸಾಂಬಾರ್ ಪುಡಿ ಎಂದ ಮೇಲೆ ಕೇಳುತ್ತೇನೆ, ದಾವಣಗೆರೆ ಬೆಣ್ಣೆದೋಸೆ ಹಿಟ್ಟಿಗೆ ಮಂಡಕ್ಕಿ ಹಾಕುತ್ತಾರಾ? ಅಮ್ಮನನ್ನು ಕೇಳಿ ಹೇಳಿ ಅಕ್ಕ.

ದಾವಣಗೆರೆ ಮಗಳು
ಹಾಕುತ್ತಾರಂತೆ. ನೆನೆಸಿ ಅಕ್ಕಿ ಜೊತೆ ರುಬ್ಬುತ್ತಾರೆ. ಕಲ್ಲಿನ ಗ್ರೈಂಡರ್‌ನಲ್ಲಿ ರುಬ್ಬಿದರೆ ಮಾತ್ರ ಆ ಹದ ಬರುತ್ತದೆ ಎಂದರು. ಮಿಕ್ಸಿಯಲ್ಲಿ ಹಿಟ್ಟು ಬಿಸಿಯಾಗುತ್ತದೆ, ಹುಳಿ ಸರಿಯಾಗಿ ಬರುವುದಿಲ್ಲ ಅಂತೆ.

ಹಸಿರು ಚೀಲ
ಟಿವಿ ವಿಷಯಕ್ಕೆ ಬರುತ್ತೇನೆ. ಹಳೆ ಪಿಕ್ಚರ್ ಟ್ಯೂಬ್ ಗಾಜಿನಲ್ಲಿ ಸೀಸ ಇರುತ್ತದೆ. ಹಿಂದಿನ ತಾಮ್ರದ ಸುರುಳಿ ಕಿತ್ತುಕೊಂಡು ಗಾಜನ್ನು ಕೆರೆ ಪಕ್ಕ ಎಸೆಯುವುದನ್ನು ನೋಡಿದ್ದೇನೆ. ಇದೊಂದನ್ನು ಮಾತ್ರ ಲೈಸೆನ್ಸ್ ಇರುವ ಇ-ತ್ಯಾಜ್ಯ ಘಟಕಕ್ಕೇ ಕೊಡಿ. ದಾಬಸ್‌ಪೇಟೆಯ ಇ-ಪರಿಸರ 2005ರಿಂದ ಈ ಕೆಲಸ ಮಾಡುತ್ತಿದೆ. ಬೇರೆಯವರೂ ಇದ್ದಾರೆ. ಯಾರಿಗೆ ಅನುಮತಿ ಇದೆ ಎಂಬುದನ್ನು ಮಾಲಿನ್ಯ ನಿಯಂತ್ರಣ ಮಂಡಳಿಯಲ್ಲಿ ವಿಚಾರಿಸಬಹುದು. 2023ರ ಏಪ್ರಿಲ್‌ನಿಂದ ಜಾರಿಗೆ ಬಂದ ನಿಯಮದ ಪ್ರಕಾರ ತಯಾರಿಸಿದ ಕಂಪನಿಗೂ ಹೊಣೆ ಇದೆ. ಅವರ ಜಾಲತಾಣದಲ್ಲಿ ಇ-ತ್ಯಾಜ್ಯದ ಫೋನ್ ನಂಬರ್ ಕೊಟ್ಟಿದ್ದಾರಾ ನೋಡಿ.

ತುಮಕೂರು ಮೆಕ್ಯಾನಿಕ್
ಹೌದು. ಯಾರೂ ಮನೆಯಲ್ಲಿ ಟಿವಿ ಬಿಚ್ಚಬೇಡಿ. ಪ್ಲಗ್ ತೆಗೆದ ಮೇಲೂ ಟ್ಯೂಬ್‌ನಲ್ಲಿ ಕರೆಂಟ್ ಉಳಿದಿರುತ್ತದೆ, ನನಗೇ ಒಮ್ಮೆ ಹೊಡೆದು ಹಿಂದಕ್ಕೆ ಬಿದ್ದಿದ್ದೆ. ಮೈಕ್ರೋವೇವ್ ಓವನ್ ಒಳಗಿನ ಕೆಪಾಸಿಟರ್ ಕೂಡ ಹಾಗೇ.

ದಾವಣಗೆರೆ ಮಗಳು
ಒಂಬತ್ತು ದಿನ ಆಯಿತು, ಏನಾಯಿತು ಎಂದು ಹೇಳಿಬಿಡುತ್ತೇನೆ.

ಇಲ್ಲೇ ಒಬ್ಬ ಮೆಕ್ಯಾನಿಕ್ ಸಿಕ್ಕರು. ಮಿಕ್ಸಿಗೆ ಕಪ್ಲರ್ ಹಾಕಿದರು, ಐದು ನಿಮಿಷದ ಕೆಲಸ. ಅದನ್ನು ಅಮ್ಮ ಜೊತೆಗೇ ತರುತ್ತಿದ್ದಾರೆ. ವಾಷಿಂಗ್ ಮಷೀನ್‌ಗೆ ಮುಚ್ಚಳದ ಸ್ವಿಚ್ ಹೋಗಿತ್ತು, ತುಮಕೂರು ಅಣ್ಣ ಹೇಳಿದ ಮೂರರಲ್ಲಿ ಮೊದಲನೆಯದೇ. ಸರಿಯಾದ ಮೇಲೆ ಪಕ್ಕದ ಬೀದಿಯಲ್ಲಿ ರೂಮ್ ಮಾಡಿಕೊಂಡಿರುವ ಕಾಲೇಜು ಹುಡುಗರು 2,000ಕ್ಕೆ ಒಯ್ದರು. ನಾಲ್ಕು ಜನ ಹೊತ್ತುಕೊಂಡೇ ಹೋದರು.

ಫ್ರಿಜ್ ಬಗ್ಗೆ ಮೇಷ್ಟ್ರ ಮಾತು ತಲೆಯಲ್ಲಿತ್ತು. ಚೀಟಿಯಲ್ಲಿ 134ಎ ಎಂದೇ ಇದೆ. ಮೆಕ್ಯಾನಿಕ್ ತಾವೇ 1,300ಕ್ಕೆ ತೆಗೆದುಕೊಂಡರು. ಕಂಪ್ರೆಸರ್ ಚೆನ್ನಾಗಿದೆ, ಇದೇ ಅಳತೆಯ ಇನ್ನೊಂದು ಫ್ರಿಜ್‌ಗೆ ಬೇಕಿತ್ತು ಎಂದರು. ಗ್ಯಾಸನ್ನು ಗಾಳಿಗೆ ಬಿಡಬೇಡಿ ಎಂದು ಕೇಳಿಕೊಂಡೆ. ಸಿಲಿಂಡರ್‌ಗೆ ಎಳೆದುಕೊಳ್ಳುವ ಮಷೀನ್ ಇರುವ ಸ್ನೇಹಿತರ ಹತ್ತಿರ ಮಾಡಿಸುತ್ತೇನೆ ಎಂದು ಮಾತು ಕೊಟ್ಟಿದ್ದಾರೆ.

ಗ್ರೈಂಡರ್‌ಗೆ ಹೊಸ ಬೆಲ್ಟ್ ಹಾಕಿಸಿ, ಕಲ್ಲಿಗೆ ಉಳಿಯಿಂದ ಕಚ್ಚು ಹೊಡೆಸಿದೆವು. ವಿನೋಬನಗರದಲ್ಲಿ ಒಬ್ಬರು ಮನೆಯಲ್ಲೇ ದೋಸೆ ಹಿಟ್ಟು ಮಾಡಿ ಮಾರಲು ಶುರು ಮಾಡಿದ್ದಾರೆ. ಅವರು ನೋಡಲು ಬಂದಾಗ ಅಮ್ಮ ಎರಡು ಸೇರು ಅಕ್ಕಿ ನೆನೆಸಿಟ್ಟಿದ್ದರು. ರುಬ್ಬಿ ತೋರಿಸಿ, ಎಷ್ಟು ನೀರು, ಯಾವಾಗ ಉದ್ದು, ಎಲ್ಲ ಹೇಳಿಕೊಟ್ಟರು. 3,500 ಎಂದು ಮಾತಾಗಿತ್ತು. ಅಮ್ಮ 500 ವಾಪಸ್ ಕೊಟ್ಟು, ಮೊದಲ ದಿನದ ಹಿಟ್ಟು ನನಗೆ ಕಳಿಸಿ ಎಂದರು. ನಿನ್ನೆ ಬಂತು. ಇವತ್ತು ಬೆಳಗ್ಗೆ ಖಾಲಿ ಮನೆಯಲ್ಲಿ ನೆಲದ ಮೇಲೆ ಕೂತು ದೋಸೆ ತಿಂದೆವು.

ಟಿವಿ ಉಳಿದಿದೆ. ನಾಡಿದ್ದು ಟೆಂಪೋದಲ್ಲಿ ಬೆಂಗಳೂರಿಗೆ ತಂದು ಇ-ತ್ಯಾಜ್ಯಕ್ಕೆ ಕೊಡುತ್ತೇನೆ. ದಾರಿಯಲ್ಲಿ ಒಡೆಯದ ಹಾಗೆ ಹೇಗೆ ಇಡಬೇಕು ಅಣ್ಣ?

ಮಲ್ಲಿಗೆ ದಂಡೆ
ದೋಸೆಯ ಸಾಲು ಓದಿ ಕಣ್ಣು ತುಂಬಿತು ಅಕ್ಕ. ಅಮ್ಮನಿಗೆ ನಮಸ್ಕಾರ ಹೇಳಿ.

ಲೆಕ್ಕದ ಮೇಷ್ಟ್ರು
1,300, 2,000, 3,000. ಒಟ್ಟು 6,300. ಮೇಲೆ ಒಂದು ಮಿಕ್ಸಿ. ರಿಪೇರಿ ಖರ್ಚು ಎಷ್ಟಾಯಿತು?

ದಾವಣಗೆರೆ ಮಗಳು
ಎಲ್ಲ ಸೇರಿ 1,150 ಮೇಷ್ಟ್ರೇ.

ತುಮಕೂರು ಮೆಕ್ಯಾನಿಕ್
ಟಿವಿಯ ತೂಕವೆಲ್ಲ ಮುಂದೆ ಇರುತ್ತದೆ ಅಕ್ಕ. ದಪ್ಪ ಹಾಸಿಗೆ ಹಾಸಿ, ಪರದೆ ಹಾಸಿಗೆ ಮೇಲೆ ಬರುವ ಹಾಗೆ ಬೋರಲು ಮಲಗಿಸಿ. ಹಿಂಭಾಗಕ್ಕೆ ಏನೂ ತಾಗಬಾರದು, ಮೇಲೆ ಏನೂ ಇಡಬೇಡಿ. ತುಮಕೂರು ದಾರಿಯಲ್ಲೇ ಬರುತ್ತದೆ, ಹಗ್ಗ ಸಡಿಲವಾಗಿದ್ದರೆ ಇಲ್ಲಿ ನಿಲ್ಲಿಸಿ, ನಾನೇ ಬಂದು ಕಟ್ಟಿಕೊಡುತ್ತೇನೆ.